ಎರಡೂ ಕಡೆ ತೂಕ ಸಮ ಬಂದರೆ ಸಾಕಾ? ನನ್ನ ಹೊಂಗೆ ಸೋಪಿನ ಕಥೆ

ರಾಸಾಯನಿಕ ಕ್ರಿಯೆಗೆ ಹಾಕುವ ಪ್ರತಿವರ್ತಕಕ್ಕೂ ಹೊರಗೆ ಬರುವ ಉತ್ಪನ್ನಕ್ಕೂ ಇರುವ ಸಂಬಂಧ ಅಂದರೆ ಎರಡೂ ಕಡೆ ತೂಕ ಸಮ ಇರುವುದು ತಾನೆ, ಸಮೀಕರಣ ಸರಿದೂಗಿಸಲು ಸುಲಭದ ಟ್ರಿಕ್ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಪಿಯುಸಿಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಟ್ರಿಕ್ಕೂ ಗೊತ್ತಿತ್ತು, ಮಾರ್ಕ್ಸೂ ಚೆನ್ನಾಗೇ ಬಂದಿತ್ತು. ಆಮೇಲೆ ಅದೇ ಬುದ್ಧಿಯಿಂದ ನಮ್ಮ ಚಿಕ್ಕಮ್ಮನ ಕೈ ಸುಟ್ಟೆ.

ನಮ್ಮದು ತಿಪಟೂರು ಕಡೆ. ಲಾಕ್‌ಡೌನ್ ಸಮಯದಲ್ಲಿ ಕೆಲಸ ಇಲ್ಲದೆ ಊರಿನಲ್ಲಿ ಕೂತಿದ್ದಾಗ ಸೋಪು ಮಾಡಲು ಶುರು ಮಾಡಿದೆ. ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ, ನೀರು. ಒಂದು ಕೆಜಿ ಎಣ್ಣೆಗೆ 180 ಗ್ರಾಂ ಸೋಡಾ. ಮೊದಲೆರಡು ಸಲ ಒಳ್ಳೇ ಗಟ್ಟಿ ಸೋಪು ಬಂತು. ಊರಿನ ಮಹಿಳಾ ಸಂಘದವರು ಪಾತ್ರೆ, ಬಟ್ಟೆಗೆ ಅಂತ 40 ಸೋಪು ಕೇಳಿದರು. ಕೊಬ್ಬರಿ ಎಣ್ಣೆ ದುಬಾರಿ. ಹೊಂಗೆ ಎಣ್ಣೆ ಅಗ್ಗಕ್ಕೆ ಸಿಕ್ಕಿತು. ಎಣ್ಣೆ ಎಣ್ಣೆಯೇ ಅಲ್ವಾ ಅಂದುಕೊಂಡು 3 ಕೆಜಿ ಹೊಂಗೆ ಎಣ್ಣೆಗೆ 540 ಗ್ರಾಂ ಸೋಡಾ ಹಾಕಿದೆ.

ಧೈರ್ಯ ಬಂದದ್ದು ಸಮೀಕರಣದಿಂದಲೇ. ಎಣ್ಣೆಯ ಒಂದು ಅಣುವಿಗೆ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಮೂರು. ಹೊರಗೆ ಬರುವುದು ಗ್ಲಿಸರಾಲ್ ಒಂದು, ಸೋಪು ಮೂರು. ಯಾವ ಎಣ್ಣೆ ಹಾಕಿದರೂ ಈ ಒಂದಕ್ಕೆ ಮೂರು ಬದಲಾಗುವುದಿಲ್ಲ. ಅದು ನಿಜವೇ. ನಾನು ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ: ಲೆಕ್ಕ ಬದಲಾಗಲ್ಲ ಅಂದಮೇಲೆ ಗ್ರಾಂ ಕೂಡ ಬದಲಾಗಲ್ಲ ಅಂದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನಗೇ ಅರ್ಥವಾಗಲು ವಾರ ಹಿಡಿಯಿತು. ನಮ್ಮ ಕಡೆ ತೆಂಗಿನಕಾಯಿಯನ್ನು ಎಣಿಸಿ ಮಾರುತ್ತಾರೆ, ಕೊಬ್ಬರಿಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಕ್ವಿಂಟಾಲ್ ಕೊಬ್ಬರಿಗೆ ಎಷ್ಟು ಕಾಯಿ ಬೇಕು ಅಂತ ಕೇಳಿದರೆ ಯಾವ ರೈತನೂ ಮೊದಲು ಕೇಳುವುದು, ಕಾಯಿ ಸಣ್ಣದೋ ದಪ್ಪದೋ ಅಂತ. ಸಣ್ಣದಾದರೆ ಜಾಸ್ತಿ ಕಾಯಿ, ದಪ್ಪದಾದರೆ ಕಡಿಮೆ. ರಾಸಾಯನಿಕ ಕ್ರಿಯೆ ನಡೆಯುವುದು ಕಾಯಿ ಎಣಿಸಿದ ಹಾಗೆ. ನಮ್ಮ ಕೈಯಲ್ಲಿರುವುದು ಮಾತ್ರ ತಕ್ಕಡಿ. ಮೋಲ್ ಅಂತ ಪುಸ್ತಕದಲ್ಲಿ ಹೆದರಿಸುತ್ತಾರಲ್ಲ, ಅದು ಡಜನ್ ಇದ್ದ ಹಾಗೆ ಅಣುಗಳ ಒಂದು ನಿಗದಿತ ಎಣಿಕೆ, ತೂಕದಿಂದ ಎಣಿಕೆಗೆ ಬರುವ ದಾರಿ, ಅಷ್ಟೇ.

ಕೊಬ್ಬರಿ ಎಣ್ಣೆ ಸಣ್ಣ ಕಾಯಿ. ಅದರಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ, 12 ಕಾರ್ಬನ್ನಿನ ಬಾಲ. ಮೂರು ಬಾಲವೂ ಲಾರಿಕ್ ಆಗಿರುವ ಅಣುವಾದರೆ ಮೋಲಿಗೆ 639 ಗ್ರಾಂ. ಹೊಂಗೆ ಎಣ್ಣೆ ದಪ್ಪ ಕಾಯಿ. ಅದರಲ್ಲಿ ಜಾಸ್ತಿ ಇರುವುದು ಓಲಿಯಿಕ್ ಆಮ್ಲ, 18 ಕಾರ್ಬನ್. ಪೂರ್ತಿ ಓಲಿಯಿಕ್ ಆದರೆ ಮೋಲಿಗೆ 885 ಗ್ರಾಂ. ಎರಡರಲ್ಲೂ ಒಂದು ಮೋಲ್ ಎಣ್ಣೆಗೆ ಬೇಕಾದ ಸೋಡಾ ಮೂರು ಮೋಲ್, ಅಂದರೆ 120 ಗ್ರಾಂ. ಈಗ ಭಾಗಿಸಿ ನೋಡಿ. ಕೆಜಿಗೆ ಮೊದಲನೆಯದಕ್ಕೆ 188 ಗ್ರಾಂ ಬೇಕು, ಎರಡನೆಯದಕ್ಕೆ ಸುಮಾರು 135 ಗ್ರಾಂ ಸಾಕು. ನಿಜವಾದ ಎಣ್ಣೆಗಳು ಮಿಶ್ರಣ, ಹಾಗಾಗಿ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ ನನ್ನ 3 ಕೆಜಿಗೆ ಬೇಕಿದ್ದದ್ದು ಸುಮಾರು 405 ಗ್ರಾಂ. ಹಾಕಿದ್ದು 540. ಎಣ್ಣೆ ಮುಗಿದುಹೋದ ಮೇಲೂ 135 ಗ್ರಾಂ ಕಾಸ್ಟಿಕ್ ಸೋಡಾ ಜೊತೆಗಾರರಿಲ್ಲದೆ ಸೋಪಿನೊಳಗೇ ಕೂತಿತ್ತು.

ಸೋಪು ಕತ್ತರಿಸಿದರೆ ಪುಡಿ ಪುಡಿ. ಮೇಲೆ ಬಿಳಿ ಬೂದಿ. ನನಗೆ ಅನುಮಾನ ಬರದೆ ಇರಲಿಲ್ಲ. ಅರಿಶಿನ ಹಚ್ಚಿ ನೋಡಿದೆ, ಕೆಂಪಾಯಿತು. ಒಳ್ಳೇ ಸೋಪಿಗೆ ಹಚ್ಚಿದೆ, ಅದಕ್ಕೂ ಕೆಂಪೇ! ಸೋಪೆಲ್ಲವೂ ಕ್ಷಾರವೇ ತಾನೆ, ಅರಿಶಿನಕ್ಕೆ ಜಾಸ್ತಿ ಕಡಿಮೆ ಗೊತ್ತಾಗುವುದಿಲ್ಲ. ನಾಲ್ಕು ವಾರ ಇಟ್ಟರೆ ಎಲ್ಲಾ ಸರಿಹೋಗುತ್ತದೆ ಅಂತ ಇಟ್ಟೆ. ಇಲ್ಲದ ಎಣ್ಣೆ ಎಲ್ಲಿಂದ ಬರಬೇಕು?

ಮೊದಲ ಸೋಪು ಚಿಕ್ಕಮ್ಮನಿಗೆ ಕೊಟ್ಟೆ. ಮೂರನೇ ದಿನ ಬಂದು ಎರಡೂ ಅಂಗೈ ಮುಂದೆ ಹಿಡಿದರು. ಬೆರಳ ಸಂದಿಯೆಲ್ಲಾ ಕೆಂಪು, ಚರ್ಮ ಸುಲಿದಿತ್ತು. "ಏನ್ ಹಾಕಿದ್ದೀಯೋ ಇದಕ್ಕೆ? ಸೋಪೋ ಸುಣ್ಣಾನೋ?" ಸಂಘದವರಿಗೆ ಒಂದೂ ಕೊಡಲಿಲ್ಲ. ಮುಂಗಡ ವಾಪಸ್ ಮಾಡಿದೆ.

ಈಗ ನಿಮ್ಮ ಪ್ರಶ್ನೆಗೆ. ತೂಕ ಸಮ ಇರುವುದೇ ಸಂಬಂಧ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಹಾಳಾದ ಸೋಪಿನಲ್ಲೂ ತೂಕ ಸಮ ಇತ್ತು! ಹಾಕಿದ ಗ್ರಾಂ ಎಲ್ಲವೂ ಪಾತ್ರೆಯಲ್ಲೇ ಇತ್ತು, ಸ್ವಲ್ಪ ನೀರು ಆರಿದ್ದು ಬಿಟ್ಟರೆ. ಕ್ರಿಯೆಯ ಮೊದಲೂ ಆಮೇಲೂ ಒಟ್ಟು ತೂಕ ಒಂದೇ ಅಂತ ರಸಾಯನಶಾಸ್ತ್ರಜ್ಞ ಲವಾಸಿಯೆ 1789ರಲ್ಲಿ ಬರೆದ ಮಾತು ಸರಿಯೇ, ಆದರೆ ಅದು ಸರಿಯಾದ ಅಡುಗೆಗೂ ಕೆಟ್ಟ ಅಡುಗೆಗೂ ಒಂದೇ ಥರ ಅನ್ವಯಿಸುತ್ತದೆ. ಯಾವುದು ಎಷ್ಟು ಸೇರುತ್ತದೆ, ಯಾವುದು ಮೊದಲು ಮುಗಿಯುತ್ತದೆ, ಏನು ಉಳಿಯುತ್ತದೆ ಅಂತ ಹೇಳುವುದು ಸಮೀಕರಣದ ಮುಂದಿನ ಆ ಸಣ್ಣ ಅಂಕಿಗಳು. ಒಂದೇ ಪ್ರತಿವರ್ತಕವನ್ನು ಜಾಸ್ತಿ ಸುರಿದರೆ ಉತ್ಪನ್ನ ಜಾಸ್ತಿ ಬರುವುದಿಲ್ಲ. ಮೊದಲು ಮುಗಿಯುವುದು ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಬರುವುದು.

ಟ್ರಿಕ್ ನಾನು ಹೇಳುವುದಿಲ್ಲ. ಸರಿದೂಗಿಸುವುದು ಹತ್ತು ಲೆಕ್ಕ ಮಾಡಿದರೆ ತಾನಾಗಿ ಬರುತ್ತದೆ. ಸೂತ್ರದ ಒಳಗಿನ ಅಂಕಿ ಮುಟ್ಟಬೇಡಿ, ಮುಂದಿನದನ್ನು ಮಾತ್ರ ಬದಲಾಯಿಸಿ. ಆಮೇಲೆ ಪ್ರತಿ ಸಲ ಕೆಳಗೆ ಎರಡು ಸಾಲು ಬರೆಯಿರಿ: ಒಂದರಲ್ಲಿ ಮೋಲ್, ಇನ್ನೊಂದರಲ್ಲಿ ಗ್ರಾಂ. ಪರೀಕ್ಷೆಯಲ್ಲಿ ಕೇಳದಿದ್ದರೂ ಸರಿ. ನಾನು ಆ ಎರಡನೇ ಸಾಲು ಬರೆದಿದ್ದರೆ 885 ಕಣ್ಣಿಗೆ ಬೀಳುತ್ತಿತ್ತು.

ಆ ಸೋಪು ಬಿಸಾಡಲಿಲ್ಲ. 135 ಗ್ರಾಂ ಸೋಡಾ ಉಳಿದಿದೆ ಅಂದರೆ ಹೆಚ್ಚುಕಮ್ಮಿ ಇನ್ನೊಂದು ಕೆಜಿ ಹೊಂಗೆ ಎಣ್ಣೆಯ ಕೆಲಸ ಬಾಕಿ ಇದೆ ಅಂತ. ಕೈಗವಸು ಹಾಕಿ ಎಲ್ಲವನ್ನೂ ತುರಿದು, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕೆಜಿಗಿಂತ ತುಸು ಜಾಸ್ತಿಯೇ ಎಣ್ಣೆ ಸೇರಿಸಿ ತಿರುವಿದೆ. ಕಂದು ಬಣ್ಣದ, ಹೊಂಗೆ ವಾಸನೆಯ ಸೋಪು ಬಂತು, ಉರಿ ಇರಲಿಲ್ಲ. ಚಿಕ್ಕಮ್ಮ ಈಗಲೂ ಸೋಪು ಒಯ್ಯುತ್ತಾರೆ. ಆದರೆ ಮೊದಲು ನನ್ನ ಕೈಗೇ ಉಜ್ಜಿಸಿ, ಐದು ನಿಮಿಷ ಕೂತು ನೋಡಿ, ಆಮೇಲೆ.