ಸಿಬಿಲ್ ಕ್ಲೀನ್ ಮಾಡಿಸ್ತೀನಿ ಅನ್ನೋರಿಗೆ ದುಡ್ಡು ಕೊಡ್ಬೇಡಿ

ತಿಪಟೂರಿಂದ ಪತ್ರ ಬರೆದಿರೋ ಅಕ್ಕಾವ್ರಿಗೆ ನಮಸ್ಕಾರ.

ಹೊಲಿಗೆ ಅಂಗಡಿಗೆ ಇನ್ನೆರಡು ಮಿಷನ್ ಹಾಕೋಣ ಅಂತ 2 ಲಕ್ಷ ಲೋನ್ ಕೇಳಿದ್ರೆ 'ಸಿಬಿಲ್ ಸರಿ ಇಲ್ಲ' (ಸಿಬಿಲ್ ಅಂದ್ರೆ ನಮ್ಮ ಸಾಲದ ಲೆಕ್ಕ ಇಟ್ಟು ರಿಪೋರ್ಟು, ಸ್ಕೋರ್ ಅನ್ನೋ ಅಂಕ ಕೊಡೋ ಕಂಪನಿ) ಅಂತ ವಾಪಸ್ ಕಳಿಸಿದ್ರು, ಕೊರೊನಾ ಟೈಮಲ್ಲಿ ಕ್ರೆಡಿಟ್ ಕಾರ್ಡ್ ಬಾಕಿ 46,000 ಆಗಿ ರಿಕವರಿಯವ್ರು '25,000 ಕಟ್ಟಿ ಮುಗಿಸ್ಬಿಡಿ' ಅಂದಿದ್ಕೆ ಒಡವೆ ಅಡ ಇಟ್ಟು ಕಟ್ಟಿದ್ದೆ, ಈಗೊಬ್ಬ ಏಜೆಂಟ್ 12,000 ಕೊಟ್ರೆ ಹದಿನೈದೇ ದಿನದಲ್ಲಿ ಹೆಸರು ಕ್ಲೀನ್ ಮಾಡ್ತೀನಿ ಅಂತಾನೆ, ಕೊಡ್ಲಾ ಅಂತ ಕೇಳಿದೀರ. ಕೊಡ್ಬೇಡಿ ಅಕ್ಕಾ. ನಿಮ್ಮ ಪ್ಯಾನ್ ನಂಬರು, ಓಟಿಪಿ ಅಂತೂ ಅವನ ಕೈಗೆ ಹೋಗ್ಲೇಬಾರ್ದು.

ಯಾಕೆ ಅಂದ್ರೆ ರಿಪೋರ್ಟಲ್ಲಿರೋದನ್ನ ಸಿಬಿಲ್ ಕಂಪನಿಯೇ ತನ್ನಿಷ್ಟಕ್ಕೆ ಅಳಿಸೋಕಾಗಲ್ಲ, ಸಾಲ ಕೊಟ್ಟ ಬ್ಯಾಂಕು ತಿದ್ದಿ ಕಳಿಸ್ಬೇಕು. ಏಜೆಂಟ್ ಮಾಡೋದು ನಿಮ್ಮ ಹೆಸರಲ್ಲಿ ಆನ್‌ಲೈನ್ ತಕರಾರು ಹಾಕೋದು ಅಷ್ಟೇ, ಅದು ನಿಮಗೂ ಫ್ರೀ.

ಮೊದಲು ರಿಪೋರ್ಟ್ ತೆಗೀರಿ. ನಮ್ಮಲ್ಲಿ ಇಂಥ ಕಂಪನಿ ನಾಲ್ಕಿವೆ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು ಅಂತ ಆರ್‌ಬಿಐ ರೂಲ್ಸೇ ಇದೆ. ನೀವೇ ನೋಡ್ಕೊಂಡ್ರೆ ಸ್ಕೋರ್ ಇಳಿಯಲ್ಲ, ಹೆದರ್ಬೇಡಿ. ಆದ್ರೆ ಒಂದು ಬ್ಯಾಂಕ್ ಬೇಡ ಅಂದ ಮೇಲೆ ಇನ್ನೂ ಮೂರು ಕಡೆ ಅರ್ಜಿ ಹಾಕಿದೀನಿ ಅಂತ ಬರೆದಿದೀರಲ್ಲ, ಅದನ್ನ ಸದ್ಯಕ್ಕೆ ನಿಲ್ಸಿ, ಪ್ರತಿ ಅರ್ಜಿಗೂ ಬ್ಯಾಂಕು ರಿಪೋರ್ಟ್ ನೋಡಿದ್ದು 'ಎನ್‌ಕ್ವೈರಿ' ಅಂತ ದಾಖಲಾಗುತ್ತೆ, ಅದರಿಂದ ಸ್ಕೋರ್ ಇಳೀಬಹುದು.

ರಿಪೋರ್ಟಲ್ಲಿ ಒಂದೊಂದು ಸಾಲದ ಕೆಳಗೂ ತಿಂಗಳು ತಿಂಗಳಿಗೆ ಸಣ್ಣ ಸಣ್ಣ ಚೌಕ ಇರುತ್ತೆ. 000 ಅಂದ್ರೆ ಟೈಮಿಗೆ ಕಟ್ಟಿದೀರ, 060 ಅಂದ್ರೆ ಅರವತ್ತು ದಿನ ತಡ. ನಿಮ್ಮ ಕಾರ್ಡಿನ ಹತ್ರ 'ಸೆಟಲ್ಡ್' ಅಂತ ಇರುತ್ತೆ, ನಿಮಗೆ ಕಾಟ ಕೊಡ್ತಿರೋದು ಅದೇ ಪದ. ಪೂರ್ತಿ ಕಟ್ಟಿದ್ರೆ 'ಕ್ಲೋಸ್ಡ್', ಕಡಿಮೆಗೆ ಒಪ್ಪಿಸಿ ಮುಗಿಸಿದ್ರೆ 'ಸೆಟಲ್ಡ್', ಅಂದ್ರೆ ಬ್ಯಾಂಕಿಗೆ 21,000 ನಷ್ಟ ಆಯ್ತು ಅಂತ ಮುಂದಿನ ಬ್ಯಾಂಕಿನವ್ರು ಓದ್ಕೋತಾರೆ. ಒಡವೆ ಇಟ್ಟು ದುಡ್ಡು ತಂದ ಹೆಣ್ಮಗಳಿಗೆ ಆ ದಿನ ಇದನ್ನ ಯಾರೂ ಹೇಳ್ಲಿಲ್ಲ ಅನ್ನೋದೇ ನನಗೆ ಸಂಕಟ.

ಏಜೆಂಟಿಗೆ ಕೊಡೋ 12,000ನ ಆ ಬಾಕಿಗೇ ಹಾಕಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಲಿಖಿತವಾಗಿ ಕೇಳಿ, ಎಷ್ಟು ಕಟ್ಟಿದ್ರೆ 'ಕ್ಲೋಸ್ಡ್' ಅಂತ ಕಳಿಸ್ತೀರ ಅಂತ. ಬಾಯಿಮಾತು ನಂಬ್ಬೇಡಿ, ಉತ್ತರ ಬಂದ್ಮೇಲೆ ಕಟ್ಟಿ, ಬಾಕಿ ಏನೂ ಇಲ್ಲ ಅನ್ನೋ 'ನೋ ಡ್ಯೂ' ಪತ್ರ ಇಸ್ಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಈ ಕಂಪನಿಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸ್ಬೇಕು, ಹಾಗಾಗಿ ತಿಂಗಳು ಬಿಟ್ಟು ರಿಪೋರ್ಟ್ ನೋಡಿ. ತಿದ್ದಿಲ್ಲ ಅಂದ್ರೆ ಬ್ಯಾಂಕಿಗೆ ಇಲ್ಲಾ ಸಿಬಿಲ್‌ಗೆ ದೂರು ಕೊಡಿ, 30 ದಿನದಲ್ಲಿ ಬಗೆಹರಿಯದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೇ ಬರ್ಬೇಕು, ಆಮೇಲೂ ಆಗ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲೂ ಫೀಸಿಲ್ಲ.

ಸಾಲದ ಪಟ್ಟಿಯಲ್ಲಿ ನೀವು ತಗೊಳ್ಳದೇ ಇರೋದು ಏನಾದ್ರೂ ಇದ್ಯಾ ಅಂತಾನೂ ನೋಡಿ. ನಾನು ಗೆಳೆಯನೊಬ್ಬನ ಬೈಕ್ ಸಾಲಕ್ಕೆ ಜಾಮೀನು ಹಾಕಿ ಮರೆತೇಬಿಟ್ಟಿದ್ದೆ, ಅವನು ನಾಲ್ಕು ಕಂತು ತಪ್ಪಿಸಿದ್ದು ನನ್ನ ರಿಪೋರ್ಟಲ್ಲಿ ಕೂತಿತ್ತು, ಮಗಳ ಎಜುಕೇಶನ್ ಲೋನ್ ಹೊತ್ತಲ್ಲಿ ಗೊತ್ತಾಯ್ತು. ಕಾನೂನಿನ ಪ್ರಕಾರ ಜಾಮೀನುದಾರನೂ ಸಾಲಗಾರನಷ್ಟೇ ಹೊಣೆ.

ಸ್ಕೋರ್ ಒಂದೇ ಸಲಕ್ಕೆ ಏರಲ್ಲ, ಅದನ್ನ ಮುಚ್ಚಿಡಲ್ಲ. ಮುಂದೆ ಕಾರ್ಡ್ ತಗೊಂಡ್ರೆ ಬಿಲ್ಲು ಪೂರ್ತಿ ಕಟ್ಟಿ, ಬಿಲ್ಲಲ್ಲಿ ಕನಿಷ್ಠ ಇಷ್ಟಾದ್ರೂ ಕಟ್ಟಿ ಅಂತ ಹಾಕಿರೋ 'ಮಿನಿಮಮ್ ಡ್ಯೂ' ಮಾತ್ರ ಕಟ್ಟಿದ್ರೆ ಉಳಿದ ಬಾಕಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಹಾಕೋ ಕಾರ್ಡುಗಳಿವೆ, ವರ್ಷಕ್ಕೆ 42 ಪರ್ಸೆಂಟ್ ಆಯ್ತು.

ಬ್ಯಾಂಕಿಗೆ ಅರ್ಜಿ ಬರೆಯೋದು ಕಷ್ಟ ಅನ್ಸಿದ್ರೆ ಕಾರ್ಡ್ ನಂಬರಿನ ಕೊನೇ ನಾಲ್ಕಂಕಿ ಮಾತ್ರ ಹಾಕಿ ವಿವರ ಕಳ್ಸಿ, ನಾನೇ ಬರೆದು ಅಂಚೆಗೆ ಹಾಕ್ತೀನಿ, ನೀವು ಸೈನ್ ಮಾಡಿ ಕೊಟ್ರೆ ಸಾಕು.

ಸಂಪಾದಕ