ಕಣ್ಣಿನ ಬದಲು ಕಿವಿ ಸ್ಪಷ್ಟ!

ಪ್ರಶ್ನೆ: ನನ್ನ ಡಿಎಸ್‌ಎಲ್‌ಆರ್‌ಗೆ ಹೊಸದಾಗಿ ಕೊಂಡ 50 ಮಿ.ಮೀ. ಲೆನ್ಸಿನಲ್ಲಿ ಕಣ್ಣಿಗೆ ಫೋಕಸ್ ಮಾಡಿದರೂ ಕಿವಿಯೇ ಸ್ಪಷ್ಟವಾಗಿ ಮೂಡುತ್ತಿದೆ. ಲೆನ್ಸ್ ದೋಷಪೂರಿತವೇ?

ಉತ್ತರ: ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಿಂದ ಇದನ್ನು ನಿರ್ಣಯಿಸಲಾಗದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿರಿಸಿ, ನೆಟ್ಟಗೆ ನಿಲ್ಲಿಸಿದ ಅಚ್ಚಿನ ಹಾಳೆಯ ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು 45 ಡಿಗ್ರಿ ಓರೆಯಾಗಿಟ್ಟು, ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಪ್ರತಿ ಸಲವೂ ಹಾಳೆಗೆ ಹೊಸದಾಗಿ ಫೋಕಸ್ ಮಾಡುತ್ತ ಹತ್ತು ಚಿತ್ರ ತೆಗೆಯಿರಿ. ಎಲ್ಲದರಲ್ಲೂ ಹಾಳೆಗಿಂತ ಹಿಂದಿನ ಗೆರೆಗಳೇ ಚೂಪಾಗಿದ್ದರೆ ಅದು ಬ್ಯಾಕ್ ಫೋಕಸ್. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ನೋಡುತ್ತ ತೆಗೆಯುವಾಗ) ಫೋಕಸ್ ಸರಿಯಾಗಿ ಕೂತರೆ ಗಾಜಿನ ತಪ್ಪೇನಿಲ್ಲ. ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಆಟೋಫೋಕಸನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯ) ಇದ್ದರೆ ಅದರಲ್ಲೇ ತಿದ್ದಬಹುದು. ಆದರೆ ಗೋಡೆಯೊಂದನ್ನು ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ಒಂದೇ ಅಂಚು ಮಸುಕಾಗಿದ್ದು, ಕ್ಯಾಮೆರಾವನ್ನು ತಲೆಕೆಳಗಾಗಿಸಿ ತೆಗೆದರೂ ಚೌಕಟ್ಟಿನ ಅದೇ ಅಂಚು ಮಸುಕಾಗಿ ಉಳಿದರೆ, ಲೆನ್ಸಿನೊಳಗಿನ ಗಾಜು ಓರೆಯಾಗಿರುವ ಸಂಭವ ಹೆಚ್ಚು. ತಿದ್ದುವ ಗೋಜಿಗೆ ಹೋಗದೆ ಬದಲಾಯಿಸಿಕೊಳ್ಳಿ.