ಪಗ್, ಕ್ಯಾವಲಿಯರ್ ಎರಡೂ ಬೇಡ

ಸಣ್ಣ ಮನೆಗೆ ಪಗ್ ನಾಯಿ ತರಲೋ ಕ್ಯಾವಲಿಯರ್ ನಾಯಿ ತರಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ಪಗ್‌ನ ಮೂತಿ ಗಿಡ್ಡವಾದರೂ ಒಳಗಿನ ಮೃದು ಅಂಗುಳ (ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆಯ ಭಾಗ) ಉದ್ದವೇ. ಅದು ಗಂಟಲಿಗೆ ಇಳಿಬಿದ್ದು ಉಸಿರಿಗೆ ಅಡ್ಡ ಬರುತ್ತದೆ. ಆ ಗೊರಕೆ ಮುದ್ದಲ್ಲ, ಒದ್ದಾಟ. ಸೆಕೆಯಲ್ಲಿ ಜೀವಕ್ಕೇ ಕುತ್ತು. ಕ್ಯಾವಲಿಯರ್‌ಗಳಲ್ಲಿ ಹೃದಯದ ಎಡಭಾಗದಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಮೈಟ್ರಲ್ ಕವಾಟ ಬೇಗನೆ ಸೋರತೊಡಗುವುದು ತೀರಾ ಸಾಮಾನ್ಯ.

ಅವುಗಳ ಬದಲು ಹಾವನೀಸ್ ಅಥವಾ ಮಿನಿಯೇಚರ್ ಪೂಡಲ್ ತಳಿಯ ನಾಯಿ ನೋಡಿ. ಕೂದಲು ಮಾತ್ರ ದಿನವೂ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ ಮೊದಲು ಗಂಟು ಬೀಳುತ್ತದೆ. ಮರಿ ಆರಿಸುವಾಗ ತಾಯಿಯನ್ನು ಓಡಾಡಿಸಿ ನೋಡಿ: ಹಿಂಗಾಲು ಎತ್ತಿಕೊಂಡು ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗಿ ನಡೆದರೆ ಮಂಡಿಚಿಪ್ಪು ಜಾರುತ್ತಿರಬಹುದು. ತಂದೆ ತಾಯಿಯ ಮಂಡಿ, ಕಣ್ಣಿನ ತಪಾಸಣೆಯ ವರದಿ ತೋರಿಸದವರಿಂದ ಮರಿ ತರಬೇಡಿ. 8 ವಾರ ತುಂಬದ ಮರಿಯಂತೂ ಬೇಡವೇ ಬೇಡ.